ತಾರಸಿಯ ಮೇಲೆ ಮಾತ್ರ ಮಾತಾಡುವ ಫೋನು

ಫೋನ್ ಎತ್ತಿದ ಕೂಡಲೇ ಬೈಸಿಕೊಳ್ಳುವ ಕೆಲಸ ಎಲ್ಲರಿಗೂ ಒಗ್ಗುವುದಿಲ್ಲ. ಅಕ್ಕನಿಗೆ ಒಗ್ಗಿಹೋಗಿತ್ತು. ಡಿಶ್ ಟೀವಿ ಕಂಪನಿಯ ಮೇಲಿನ ಮಹಡಿಯಲ್ಲಿ, ಕಿಟಕಿಯ ಪಕ್ಕದ ಮೇಜು ಅವಳದು. 'ನಿಮ್ಮ ಡಿಶ್ ಸಾಕು, ಬಂದು ಕಿತ್ತುಕೊಂಡು ಹೋಗಿ' ಎಂದು ಫೋನ್ ಮಾಡುವವರೆಲ್ಲ ಸುತ್ತಿ ಬಳಸಿ ಕೊನೆಗೆ ಬಂದು ಸೇರುತ್ತಿದ್ದದ್ದು ಆ ಮೇಜಿಗೆ. ಅವರನ್ನು ಸಮಾಧಾನಪಡಿಸಿ, ಇನ್ನೊಂದು ವರ್ಷದ ಮಟ್ಟಿಗಾದರೂ ಉಳಿಸಿಕೊಳ್ಳುವುದು ಅವಳ ಕೆಲಸ. ಆಫೀಸಿನಲ್ಲಿ ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ಹಿರಿಯರಾದ ಕಾವಲುಗಾರರೂ ಕೂಡ.

ಅವಳದು ಒಂದೇ ಹಠ: ಗಿರಾಕಿಗೆ ಸುಳ್ಳು ಹೇಳುವುದಿಲ್ಲ. ಮಳೆ ಜೋರಾದರೆ ಚಿತ್ರ ಹೋಗುತ್ತದಂತಲ್ಲ ಎಂದು ಯಾರಾದರೂ ಜೋರು ಮಾಡಿದರೆ, "ಹೋಗತ್ತೆ ಸಾರ್, ಮಳೆ ನಿಂತ ಮೇಲೆ ಬರತ್ತೆ. ಅಷ್ಟು ಹೊತ್ತು ಮನೆಯವರ ಮುಖ ನೋಡ್ಕೊಂಡಿರಿ" ಎನ್ನುತ್ತಿದ್ದಳು. ಆ ಕಡೆಯವರು ನಕ್ಕರೆ ಉಳಿದ ಹಾಗೆಯೇ ಲೆಕ್ಕ.

ಈಚೆಗೆ ನಗುವವರು ಕಡಿಮೆಯಾಗಿದ್ದರು. ಜನ ಟೀವಿ ಬಿಟ್ಟು ಅಂಗೈಯಗಲದ ಫೋನಿನಲ್ಲೇ ಎಲ್ಲವನ್ನೂ ನೋಡುತ್ತಿದ್ದರು. ತಾರಸಿಗಳ ಮೇಲಿನ ಡಿಶ್‌ಗಳು ಒದ್ದೆ ಟವೆಲ್ ಹರವುವುದಕ್ಕೂ ಕಾಗೆಗಳು ಕೂತು ಹರಟೆ ಹೊಡೆಯುವುದಕ್ಕೂ ಉಪಯೋಗವಾಗುತ್ತಿದ್ದವು. ಕಂಪನಿಯ ಮಾಲೀಕರು ಒಂದು ಕಾಲದಲ್ಲಿ ಹಳೆಯ ವ್ಯಾನಿನಲ್ಲಿ ಡಿಶ್ ಹೇರಿಕೊಂಡು ಬೀದಿ ಬೀದಿ ಸುತ್ತಿ ಮಾರಿದವರು. ಆಗ ಜನ ಡಿಶ್‌ಗೆ ಬುಟ್ಟಿ ಎನ್ನುತ್ತಿದ್ದರಿಂದ ಅವರಿಗೆ ಬುಟ್ಟಿ ಸಾಹುಕಾರರು ಎಂದು ಹೆಸರು ಬಿದ್ದಿತ್ತು. "ಜನ ಫೋನಿಗೆ ಹೋದ್ರೆ ಅವರ ಹಿಂದೆ ನಾವೂ ಹೋಗೋದು, ಅದಕ್ಕೇನಂತೆ?" ಎಂದು ಅವರು ಡಿಶ್‌ನಲ್ಲಿ ದುಡಿದದ್ದನ್ನೆಲ್ಲ ಸುರಿದು, ಸಾಲದ್ದಕ್ಕೆ ಬ್ಯಾಂಕಿನಿಂದಲೂ ತಂದು, ಮೊಬೈಲ್ ಸೇವೆ ನಡೆಸಲು ಬೇಕಾದ ತರಂಗಗಳ ಹಕ್ಕನ್ನು ಸರ್ಕಾರದಿಂದ ಕೊಂಡುಬಿಟ್ಟರು. ಕೊಂಡ ಮೇಲೆ ಆಂಟೆನಾ ಕೂರಿಸಲು ಕೈಯಲ್ಲಿ ಕಾಸಿಲ್ಲ. ಹೊಸ ಒಲೆ ಕೊಂಡು ಗ್ಯಾಸಿಗೆ ದುಡ್ಡಿಲ್ಲದೆ ಅದನ್ನೇ ಒರೆಸಿ ಒರೆಸಿ ಇಡುವ ಸಂಸಾರದ ಹಾಗೆ, ಆ ಹಕ್ಕು ಕೆಲವು ವರ್ಷ ಸುಮ್ಮನೆ ಬಿದ್ದಿತ್ತು.

ಈಗ ಸರ್ಕಾರ ಗಡುವು ಹಾಕಿತ್ತು. ಈ ತಿಂಗಳು ಮುಗಿಯುವುದರೊಳಗೆ ಈ ಊರೊಂದರಲ್ಲಾದರೂ ಸೇವೆ ಶುರುವಾಗಬೇಕು, ಇಲ್ಲವಾದರೆ ಹಕ್ಕು ವಾಪಸ್. ಫೋನು ಕೆಲಸ ಮಾಡುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಸಾಲದ ಮುಂದಿನ ಕಂತು ಎಂದು ಬ್ಯಾಂಕು ಪಟ್ಟು ಹಿಡಿದಿತ್ತು. ಈ ಇಬ್ಬರ ನಡುವೆ ಸಿಕ್ಕಿಕೊಂಡು ಕಂಪನಿಯ ಸಂಬಳವೇ ನಿಂತುಹೋಗಿತ್ತು.

ಅಕ್ಕನ ಮನೆಗೆ ಪೆಟ್ಟು ಡಬಲ್. ಅವಳ ಗಂಡನೂ ಅದೇ ಕಂಪನಿಯಲ್ಲಿ ಡಿಶ್ ಕೂರಿಸುವವರ ಮುಖ್ಯಸ್ಥ. ಬರಿಗಣ್ಣಿನಿಂದ ಆಕಾಶ ನೋಡಿ, ಡಿಶ್ ಅನ್ನು ಒಂದೇ ಏಟಿಗೆ ಉಪಗ್ರಹದತ್ತ ತಿರುಗಿಸಬಲ್ಲವನೆಂದು ಅವನ ತಂಡದವರು ಅವನಿಗೆ ಗುರಿಕಾರ ಎಂದು ಬಿರುದು ಕೊಟ್ಟಿದ್ದರು. ಒಂದೇ ನಲ್ಲಿಯ ಕೆಳಗೆ ಎರಡು ಕೊಡ ಇಟ್ಟ ಮನೆ ಅದು. ನಲ್ಲಿ ನಿಂತಿತೋ, ಎರಡೂ ಖಾಲಿ. ಶುಕ್ರವಾರ ಬ್ಯಾಂಕಿನ ಮೇಡಂ ಬರುವವರಿದ್ದರು. ಅಂದು ಫೋನು ಕೆಲಸ ಮಾಡದಿದ್ದರೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಮನೆಯಲ್ಲಿ ಕೂರಬೇಕಾಗುತ್ತದೆಂದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು.

ಫೋನಾದರೋ ಕೆಲಸ ಮಾಡುತ್ತಿರಲಿಲ್ಲ. ಊರಿನ ತಾರಸಿಗಳ ಮೇಲೆ ಆಂಟೆನಾ ಕೂರಿಸಿಯಾಗಿತ್ತು. ಹೊರಗಿನವರನ್ನು ಕರೆಸಲು ದುಡ್ಡಿಲ್ಲದೆ ಗುರಿಕಾರನ ತಂಡವೇ ಅದನ್ನು ಮಾಡಿತ್ತು. ಪರೀಕ್ಷೆಗೆಂದು ಊರಿನ ಒಂದಷ್ಟು ಜನರಿಗೆ ಹೊಸ ಫೋನ್ ಹಂಚಿದ್ದರು. ಅವರ ದೂರುಗಳೂ ಅಕ್ಕನ ಮೇಜಿಗೇ ಬರುತ್ತಿದ್ದವು.

"ಇದನ್ನ ಫೋನ್ ಅಂತೀರಾ? ಇದಕ್ಕಿಂತ ನಮ್ಮಂಗಡಿ ತೂಕದ ಬಟ್ಟು ವಾಸಿ, ಹೊಡೆಯೋಕಾದ್ರೂ ಆಗತ್ತೆ!" ಎಂದ ದಿನಸಿ ಅಂಗಡಿಯವನು, ಹಳೆಯ ಫೋನಿನಿಂದ ಕರೆ ಮಾಡಿ. ಅವನ ಬೆನ್ನಿಗೇ ಹೊಲಿಗೆಯವಳು, ಅವಳ ಬೆನ್ನಿಗೇ ಬಸ್ ಕಂಡಕ್ಟರು. ಎಲ್ಲರದ್ದೂ ಒಂದೇ ರಾಗ. ಆಮೇಲೆ ಕ್ರೇನ್ ಓಡಿಸುವವನೊಬ್ಬ ಮಾತಾಡಿದ: "ಮೇಡಂ, ನನ್ನ ಜೀವಮಾನದಲ್ಲೇ ಇಂಥ ಫೋನ್ ನೋಡಿಲ್ಲ. ಪಕ್ಕದಲ್ಲೇ ಕೂತು ಮಾತಾಡಿದ ಹಾಗಿದೆ!" ನೀರಿನ ಟ್ಯಾಂಕ್ ತೊಳೆಯುವವನೂ ಅದನ್ನೇ ಹೇಳಿದ. ಎತ್ತರದ ಕಟ್ಟಡಕ್ಕೆ ಬಣ್ಣ ಬಳಿಯುತ್ತಿದ್ದವನಂತೂ ಇನ್ನೊಂದು ಫೋನ್ ಬೇಕು, ಹೆಂಡತಿಗೂ ಕೊಡಬೇಕು ಎಂದ.

"ಅಕ್ಕಾ, ಇವರಿಗೆಲ್ಲ ಯಾರೋ ದುಡ್ಡು ಕೊಟ್ಟು ಹೇಳಿಸ್ತಿದ್ದಾರೆ" ಎಂದಳು ಪಕ್ಕದ ಮೇಜಿನ ಹುಡುಗಿ.

"ನಮಗೇ ಸಂಬಳ ಇಲ್ಲ, ಹೊಗಳೋಕೆ ಯಾರು ಕೊಡ್ತಾರೆ ಸುಮ್ನಿರೇ" ಎಂದಳು ಅಕ್ಕ.

ಮೊಬೈಲ್ ಕಂಪನಿಯೊಂದರಿಂದ ಹೊಸದಾಗಿ ಬಂದಿದ್ದ ಎಂಜಿನಿಯರು ಕಂಪ್ಯೂಟರಿನೊಳಗೆ ತಲೆ ತೂರಿಸಿಕೊಂಡು ತಪ್ಪು ಹುಡುಕುತ್ತಲೇ ಇದ್ದರು. ಬುಟ್ಟಿ ಸಾಹುಕಾರರು ಅವರ ಬೆನ್ನ ಹಿಂದೆ ನಿಂತು ಉಸಿರು ಬಿಡುತ್ತಲೇ ಇದ್ದರು.

ಮಂಗಳವಾರ ಸಂಜೆ ಅಕ್ಕ ಮನೆಗೆ ಬಂದವಳೇ ಒಣಗಿದ ಬಟ್ಟೆ ತೆಗೆಯಲು ತಾರಸಿಗೆ ಹೋದಳು. ಮೆಟ್ಟಿಲ ಕೊನೆಯಲ್ಲೇ ಅತ್ತೆಯ ದನಿ ಕಿವಿಗೆ ಬಿತ್ತು. ಹಾಸಿಗೆ ಹೊದಿಕೆಗಳ ಮರೆಯಲ್ಲಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಅತ್ತೆ ಪರೀಕ್ಷೆಯ ಫೋನಿನಲ್ಲಿ ತಮ್ಮ ತಂಗಿಯ ಜೊತೆ ಮಾತಾಡುತ್ತಿದ್ದರು.

"ನನ್ನ ಸೊಸೆಯಾ? ಅಯ್ಯೋ, ಅವಳನ್ನೇನು ಕೇಳ್ತೀಯ. ಊರಿಗೆಲ್ಲ ಜೇನು, ಮನೆಗೆ ಬಂದ್ರೆ ಬಾಯಿಗೆ ಬೀಗ. ದಿನವೆಲ್ಲ ಕಂಡೋರ ಹತ್ರ ಮಾತಾಡಿ ಮಾತಾಡಿ, ನಮಗೆ ಅಂತ ಒಂದು ಮಾತೂ ಉಳಿಸ್ಕೊಂಡು ಬರಲ್ಲ. ಮೊನ್ನೆ ಮಂಡಿ ನೋವು ಅಂದ್ರೆ 'ಹೂಂ' ಅಂದಳು. ಹೂಂ! ಗಿರಾಕಿಗಾದ್ರೆ ಅರ್ಧ ಗಂಟೆ ಸಮಾಧಾನ ಹೇಳ್ತಿದ್ಲು."

ಅಕ್ಕನಿಗೆ ಚುರುಕ್ ಎಂದಿತು. ಒಂದು ದಿಂಬಿನ ಚೀಲವನ್ನು ಮಡಿಸುತ್ತ ನಿಂತಳು. ಹೇಳಿದ್ದರಲ್ಲಿ ಸುಳ್ಳಿರಲಿಲ್ಲವಾದ್ದರಿಂದ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಆಮೇಲೆ ಬೇಕೆಂದೇ ಕೆಮ್ಮಿದಳು. ಅತ್ತೆ ಗಡಬಡಿಸಿ, "ಇಡ್ತೀನಿ ಕಣೇ, ಮಳೆ ಬರೋ ಹಾಗಿದೆ" ಎಂದು ಫೋನ್ ಇಟ್ಟರು. ಆಕಾಶ ಒಂದು ಚೂರೂ ಮೋಡವಿಲ್ಲದೆ ಬೆಳಗುತ್ತಿತ್ತು.

"ಅತ್ತೆ, ಈ ಫೋನಲ್ಲಿ ಮಾತು ಕೇಳಿಸತ್ತಾ?"

"ಕೇಳಿಸ್ದೆ ಏನು? ಗಂಟೆ ಹೊಡೆದ ಹಾಗೆ ಕೇಳಿಸತ್ತೆ. ಕೆಳಗೆ ಹೋದ್ರೆ ಸತ್ತೇ ಹೋಗತ್ತೆ. ನಿಮ್ಮ ಕಂಪನಿ ದೆಸೆಯಿಂದ ಮೆಟ್ಟಿಲು ಹತ್ತಿ ಹತ್ತಿ ನನ್ನ ಮಂಡಿ ಸವೆದುಹೋಯ್ತು."

ಅಕ್ಕ ಬಟ್ಟೆಯ ರಾಶಿ ಹೊತ್ತು ಹಾಗೆಯೇ ನಿಂತುಬಿಟ್ಟಳು. ತಾರಸಿಯ ಮೇಲೆ ಅತ್ತೆ. ಕ್ರೇನಿನ ಮೇಲೆ ಒಬ್ಬ. ಟ್ಯಾಂಕಿನ ಮೇಲೆ ಒಬ್ಬ. ಬಣ್ಣದವನು ತೂಗುಹಲಗೆಯ ಮೇಲೆ. ಹೊಗಳಿದವರೆಲ್ಲ ಮೇಲೆ, ಬೈದವರೆಲ್ಲ ಕೆಳಗೆ.

ಗಂಡ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆಯೇ ಅವಳು, "ಸ್ವಲ್ಪ ಮೇಲೆ ಬನ್ನಿ" ಎಂದಳು.

"ಬೈಯೋದಾದ್ರೆ ಇಲ್ಲೇ ಬೈದುಬಿಡು. ಏಣಿ ಹತ್ತಿ ಇಳಿದು ಸಾಕಾಗಿದೆ."

"ಬೈಯಲ್ಲ, ಬನ್ನಿ ಅಂದ್ರೆ."

ತಾರಸಿಯಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಅವನು ಮೊದಲು "ಎತ್ತರದಲ್ಲಿ ಸಿಗ್ನಲ್ ಜಾಸ್ತಿನೇ ಇರತ್ತೆ, ಅದರಲ್ಲೇನಿದೆ" ಎಂದು ತಳ್ಳಿಹಾಕಿದ. ಹಾಗೆನ್ನುತ್ತಲೇ ಅವನ ಕಣ್ಣು ಎದುರು ಮನೆಯ ತಾರಸಿಯತ್ತ ಹೋಯಿತು. ಅಲ್ಲಿ ಅವನೇ ನಿಲ್ಲಿಸಿದ ಕಂಬ, ಕಂಬಕ್ಕೆ ಉದ್ದನೆಯ ಬಿಳಿ ಪೆಟ್ಟಿಗೆಗಳಂಥ ಆಂಟೆನಾಗಳು. ಎಲ್ಲವೂ ಮುಖವನ್ನು ತುಸು ಮೇಲಕ್ಕೆತ್ತಿಕೊಂಡು, ದೊಡ್ಡವರ ಮನೆ ಮಕ್ಕಳ ಫೋಟೋದ ಹಾಗೆ ಸೊಗಸಾಗಿ ಆಕಾಶ ನೋಡುತ್ತಿದ್ದವು.

ಗುರಿಕಾರ ನಿಧಾನವಾಗಿ ಬಕೆಟ್ಟಿನ ಮೇಲೆ ಕುಳಿತ.

"ಏನ್ರೀ?"

"ಅವು ಬೀದಿ ನೋಡ್ಬೇಕು ಕಣೇ. ಜನ ಇರೋದು ಬೀದೀಲಿ."

"ಮತ್ತೆ ಅಲ್ಲೇನು ನೋಡ್ತಿವೆ?"

"ಏನೂ ಇಲ್ಲ. ಉಪಗ್ರಹ ಹುಡುಕ್ತಿವೆ, ಪಾಪ." ಅವನು ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡ. "ಎಂಜಿನಿಯರ್ ಕೊಟ್ಟ ನಕ್ಷೇಲಿ ಎಷ್ಟು ಕೋನ ಅಂತ ಇತ್ತು. ಯಾವ ಕಡೆಗೆ ಅಂತ ಇರ್ಲಿಲ್ಲ."

"ನೀವು ಕೇಳ್ಲಿಲ್ವಾ?"

"ಕೇಳೋದೇನು ಬಂತು? ನಮ್ಮ ಹುಡುಗರಿಗೆ ಕೋನ ಅಂದ್ರೆ ಮೇಲಕ್ಕೇ. ಡಿಶ್ ಯಾವತ್ತಾದ್ರೂ ನೆಲ ನೋಡಿದ್ದುಂಟಾ? ಕೈ ತಾನಾಗೇ ಎತ್ತತ್ತೆ." ಮತ್ತೆ ಆ ಕಂಬದತ್ತ ನೋಡಿದ. "ಗುರಿಕಾರ ಅಂತಾರೆ ನನ್ನ. ನಾಳೆ ಹೋಗಿ ಏನಂತ ಹೇಳ್ಲಿ? ಇಡೀ ಊರಿನ ಗುರಿ ತಪ್ಪಿಸಿಟ್ಟಿದ್ದೀನಿ ಅಂತಲಾ?"

"ಮಳೆ ಬಂದ್ರೆ ಚಿತ್ರ ಹೋಗತ್ತೆ ಅಂತ ನಾನು ದಿನಾ ಒಪ್ಕೊಳ್ಳಲ್ವಾ? ಹಾಗೇ ಹೇಳಿ. ಮೊದಲು ಬೈತಾರೆ, ಆಮೇಲೆ ನಗ್ತಾರೆ. ನಕ್ಕ ಮೇಲೆ ಯಾರೂ ಬಿಟ್ಟು ಹೋಗಲ್ಲ."

ಮಾರನೆಯ ಬೆಳಿಗ್ಗೆ ಸಾಹುಕಾರರ ಕೋಣೆಯಲ್ಲಿ, ಅಕ್ಕನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಗುರಿಕಾರ ಒಂದೇ ಉಸಿರಿಗೆ ಎಲ್ಲವನ್ನೂ ಒಪ್ಪಿಕೊಂಡ. ಎಂಜಿನಿಯರು ಕೂತ ಕುರ್ಚಿಯಿಂದ ಎದ್ದೇಬಿಟ್ಟರು.

"ತಪ್ಪು ನಂದೂ ಇದೆ. ಕೆಳಕ್ಕೆ ಅಂತ ಬರೀಬೇಕು ಅನ್ನೋದು ನನ್ನ ತಲೆಗೇ ಹೊಳೀಲಿಲ್ಲ. ಮೊಬೈಲ್ ಆಂಟೆನಾ ಯಾವತ್ತಾದ್ರೂ ಆಕಾಶ ನೋಡತ್ತಾ ಹೇಳಿ? ಪ್ರತಿ ಸಲವೂ ನಿಮ್ಮ ಪಕ್ಕದಲ್ಲೇ, ತಾರಸಿ ಮೇಲೇ ನಿಂತು ಪರೀಕ್ಷೆ ಮಾಡಿದೆ. ಸಿಗ್ನಲ್ ಅಮೋಘವಾಗಿತ್ತು!"

ಸಾಹುಕಾರರು ಇಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದರು. "ಅಂದ್ರೆ, ನಾನು ಆಸ್ತಿ ಅಡ ಇಟ್ಟು ಊರಿನ ಕಾಗೆಗಳಿಗೆಲ್ಲ ಫೋನ್ ಹಾಕಿಸಿಕೊಟ್ಟೆ ಅನ್ನಿ."

ಆಮೇಲೆ ಸಾಹುಕಾರರ ಹೊಟ್ಟೆ ಮೊದಲು ಅಲುಗಿತು, ನಗು ಹಿಂದಿನಿಂದ ಬಂತು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಒರೆಸಿಕೊಂಡದ್ದರಲ್ಲಿ ಎಲ್ಲವೂ ನಗುವಿನದೇ ಆಗಿರಲಿಲ್ಲ ಎಂಬುದನ್ನು ಅಕ್ಕ ಗಮನಿಸಿದಳು.

"ಸರಿ. ಎಲ್ಲವನ್ನೂ ಬಗ್ಗಿಸಿ. ಯಾರು ಬಗ್ಗಿಸ್ತಾರೆ? ಹುಡುಗರು ಸಂಬಳ ಕೊಡೋವರೆಗೂ ಏಣಿ ಮುಟ್ಟಲ್ಲ ಅಂತ ಮನೆಗೆ ಹೋಗಿ ಕೂತಿದ್ದಾರಲ್ಲ."

"ಅವರ ನಂಬರ್ ಕೊಡಿ" ಎಂದಳು ಅಕ್ಕ. "ಬಿಟ್ಟು ಹೋಗ್ತೀನಿ ಅನ್ನೋರ ಹತ್ರ ಮಾತಾಡೋದೇ ತಾನೆ ನನ್ನ ಕೆಲಸ."

ತನ್ನ ಮೇಜಿಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡು, ಮೊದಲು ತಂಡದ ಅತಿ ಎತ್ತರದ ಆಳಿಗೆ ಫೋನ್ ಮಾಡಿದಳು. ಅವನಿಗೆ ಒಂಟೆ ಎಂದು ಅಡ್ಡಹೆಸರು.

"ಅಕ್ಕಾ, ನಾನು ಬರಲ್ಲ. ನೀವು ಹೇಳಿದ್ರೂ ಬರಲ್ಲ."

"ಆಗ್ಲಪ್ಪ. ಯಾಕೆ ನಿಲ್ಲಿಸ್ತಿದ್ದೀಯ ಅಂತ ಒಂದು ಮಾತು ಹೇಳು."

"ಗಿರಾಕೀನ ಕೇಳೋ ಹಾಗೆ ಕೇಳ್ಬೇಡಿ! ನಿಮ್ಮ ಮಂತ್ರ ನನಗೆ ಗೊತ್ತು. ಬಂದ್ರೆ ಸಂಬಳ ಆಗತ್ತಾ, ಅದನ್ನ ಹೇಳಿ."

"ಗೊತ್ತಿಲ್ಲ. ಬ್ಯಾಂಕಿನವರು ಒಪ್ಪಿದ್ರೆ ಆಗತ್ತೆ. ಇಲ್ಲಾಂದ್ರೆ ನಿನಗೂ ಇಲ್ಲ, ನನಗೂ ಇಲ್ಲ, ನಮ್ಮನೆಯವರಿಗೂ ಇಲ್ಲ. ಆಂಟೆನಾ ಈಗಿರೋ ಹಾಗೇ ಬಿಟ್ರೆ ಒಪ್ಪಲ್ಲ ಅನ್ನೋದು ಮಾತ್ರ ಗ್ಯಾರಂಟಿ. ಅಷ್ಟೂ ಮೇಲೆ ನೋಡ್ತಿವೆ, ಕೆಳಗೆ ನೋಡಬೇಕಿತ್ತು."

"ಯಾರ ತಪ್ಪು ಅದು?"

"ನಮ್ಮನೆಯವರದ್ದು."

"ಗುರಿಕಾರರು? ಗುರಿ ತಪ್ಪಿದ್ರಾ?" ಒಂಟೆಯ ದನಿಗೆ ಎಲ್ಲಿಲ್ಲದ ಹುರುಪು ಬಂತು. "ಅವರೇ ಬಾಯಿಬಿಟ್ಟು ಹೇಳಿದ್ರಾ? ಅಕ್ಕಾ, ತಾಳಿ, ಪ್ಯಾಂಟ್ ಹಾಕ್ಕೊಂಡು ಬಂದೆ. ಅವರ ಮುಖ ನೋಡೋಕಾದ್ರೂ ಬರ್ತೀನಿ."

ಒಬ್ಬಿಬ್ಬರು ಬೈದೇ ಇಟ್ಟರು. ಉಳಿದವರು ಸಂಬಳದ ಆಸೆಗೋ, ಗುರಿಕಾರನ ಮುಖ ನೋಡುವ ಆಸೆಗೋ, ಅಂತೂ ಬಂದರು. ಎರಡು ದಿನ ಊರಿನ ತಾರಸಿಗಳಲ್ಲೆಲ್ಲ ಸ್ಪ್ಯಾನರಿನ ಸದ್ದು. ಅಕ್ಕ ಕಿಟಕಿಯಿಂದ ನೋಡುತ್ತಿದ್ದಂತೆಯೇ ಆಂಟೆನಾಗಳು ಒಂದೊಂದಾಗಿ, ತಡವಾಗಿ ಬಂದ ಮಕ್ಕಳು ಟೀಚರ ಮುಂದೆ ನಿಂತ ಹಾಗೆ, ತಲೆ ಬಗ್ಗಿಸಿದವು. ಗುರಿಕಾರ ಈ ಸಲ ತಾರಸಿ ಹತ್ತಲೇ ಇಲ್ಲ. ಪ್ರತಿ ಕಂಬದ ಕೆಳಗೂ, ಬೀದಿಯಲ್ಲೇ ಫೋನ್ ಹಿಡಿದು ನಿಂತು ಕೂಗುತ್ತಿದ್ದ: "ಇನ್ನೂ ಸ್ವಲ್ಪ ಬಗ್ಗಿಸೋ!" ಮೇಲಿನಿಂದ ಒಂಟೆ ಕೂಗುತ್ತಿದ್ದ: "ಕೆಳಕ್ಕಾ ಗುರಿಕಾರ್ರೇ? ಸರಿಯಾಗಿ ಹೇಳಿ, ಆಮೇಲೆ ಬದಲಾಯಿಸಬಾರದು!"

ಶುಕ್ರವಾರ ಬ್ಯಾಂಕಿನ ಮೇಡಂ ಬಂದರು. ಸಣ್ಣ ಮೈಕಟ್ಟು, ದಪ್ಪ ಕನ್ನಡಕ, ಗಟ್ಟಿ ಚಪ್ಪಲಿ. ಕಾಫಿಯನ್ನೂ ಬೇಡವೆಂದರು. "ಈ ಫೋನ್ ತಗೊಂಡು ನನಗೆ ಇಷ್ಟ ಬಂದ ಬೀದೀಲಿ ನಡೀತೀನಿ. ಇಲ್ಲಿಂದ ಯಾರಾದ್ರೂ ನನ್ನ ಜೊತೆ ಮಾತಾಡ್ತಾ ಇರಿ. ಮಾತು ಕಡಿದ್ರೆ ನಾನು ಹಾಗೇ ಬಸ್ ಹತ್ತಿ ಹೋಗ್ತೀನಿ" ಎಂದು ಹೇಳಿ ಹೊರಟೇಬಿಟ್ಟರು. ಮಾತಾಡುವ ಪಾಳಿ ಯಾರದೆಂದು ಯಾರೂ ಕೇಳಲಿಲ್ಲ.

ಸಾಹುಕಾರರು, ಎಂಜಿನಿಯರು, ಗುರಿಕಾರ ಮೂವರೂ ಅಕ್ಕನ ಮೇಜಿನ ಸುತ್ತ ನಿಂತರು.

"ಕೇಳಿಸ್ತಿದೆಯಾ?"

"ಕೇಳಿಸ್ತಿದೆ ಮೇಡಂ. ಎಲ್ಲಿದ್ದೀರಿ?"

"ಹೇಳಲ್ಲ. ಬೇರೆ ಏನಾದ್ರೂ ಮಾತಾಡಿ."

"ನಿಮ್ಮನೇಲಿ ಟೀವಿಗೆ ಯಾರ ಡಿಶ್ ಇದೆ ಮೇಡಂ?"

"ನಿಮ್ಮದೇ. ತೆಗೆಸ್ಬೇಕು ಅಂತ ವರ್ಷದಿಂದ ಪ್ರಯತ್ನ ಮಾಡ್ತಿದ್ದೀನಿ. ಫೋನ್ ಮಾಡಿದಾಗಲೆಲ್ಲ ಒಬ್ಬಳು ನಯವಾಗಿ ಮಾತಾಡಿ, ಮಳೇಲಿ ಮನೆಯವರ ಮುಖ ನೋಡಿ ಅಂತ ಹೇಳಿ..." ದನಿ ನಿಂತಿತು. ಸಾಹುಕಾರರು ಎದೆ ಹಿಡಿದುಕೊಂಡರು. ಸಿಗ್ನಲ್ ಹೋಗಿರಲಿಲ್ಲ, ಮೇಡಮ್ಮೇ ಸುಮ್ಮನಾಗಿದ್ದರು. "ತಡೀರಿ. ಆ ದನಿ ನಿಮ್ಮದೇ ಅಲ್ವಾ?"

"ನಂದೇ ಇರ್ಬೇಕು ಮೇಡಂ. ನೋಡಿದ್ರಾ ಮುಖ?"

"ನೋಡಿದೆ. ನಮ್ಮನೆಯವರು ಮೀಸೆ ತೆಗೆಸಿ ಎಷ್ಟೋ ದಿನ ಆಗಿತ್ತಂತೆ. ನನಗೆ ಆವತ್ತೇ ಗೊತ್ತಾಗಿದ್ದು."

ಅಲ್ಲಿಂದ ಮಾತು ಸರಾಗವಾಗಿ ಹರಿಯಿತು. ಮಾರ್ಕೆಟ್ಟಿನ ಗದ್ದಲ ಬಂತು, ಬಸ್ಸಿನ ಹಾರ್ನ್ ಬಂತು, ಯಾವುದೋ ಓಣಿಯ ನಾಯಿ ಬೊಗಳಿತು. ಮಾತು ಎಲ್ಲೂ ಕಡಿಯಲಿಲ್ಲ. ಎಂಜಿನಿಯರು ಗುರಿಕಾರನ ಭುಜ ಹಿಸುಕುತ್ತಿದ್ದರು. ಆಗಲೇ ಮೇಡಮ್ಮಿನ ದನಿ ಚೂರುಚೂರಾಯಿತು. "ಹಲೋ... ಕೇಳಿ... ಇಲ್ಲಿ..."

ಸಾಹುಕಾರರು ಬಾಯಿ ಅಲುಗಿಸಿ, ಕೈಯಾಡಿಸಿ ಹೇಳಿಕೊಟ್ಟರು: ಲೈನ್ ಬಿಜಿ ಅನ್ನು, ಮೋಡ ಅನ್ನು, ಏನಾದರೂ ಅನ್ನು! ಗುರಿಕಾರ ಕಿಟಕಿಯತ್ತ ತಿರುಗಿ ನಿಂತುಬಿಟ್ಟ. ಅಕ್ಕ ಅವನ ಬೆನ್ನನ್ನೇ ನೋಡಿದಳು. ಒಂದು ಸುಳ್ಳು ಹೇಳಿದರೆ ಎರಡು ಕೊಡವೂ ತುಂಬಬಹುದು. ಅವಳ ಬಾಯಿಗೆ ಅದು ಬರಲೇ ಇಲ್ಲ.

"ಮೇಡಂ, ಯಾವುದಾದ್ರೂ ತಾರಸಿ ಹತ್ತಿದ್ರಾ?"

"...ಹೌದು... ಮೇಲಿಂದ ಊರು... ನೋಡೋಣ ಅಂತ..."

"ಇಳಿದು ಬನ್ನಿ. ಅಲ್ಲಿ ಇವತ್ತು ಸರಿಯಾಗಿ ಸಿಗಲ್ಲ. ಮೊನ್ನೆವರೆಗೂ ಅಲ್ಲಿ ಮಾತ್ರ ಸಿಗ್ತಿತ್ತು."

ಮೇಡಂ ಇಳಿದರು. ದನಿ ಮತ್ತೆ ಕೂಡಿಕೊಂಡಿತು. ಮೊನ್ನೆವರೆಗೂ ಅಂದರೇನು ಎಂದು ಅವರು ಕೇಳಿದರು. ಅಕ್ಕ ಎಲ್ಲವನ್ನೂ ಹೇಳಿದಳು. ಮೇಲೆ ನೋಡಿಯೇ ಅಭ್ಯಾಸವಾದ ಡಿಶ್ ಜನ, ಕ್ರೇನಿನವನ ಹೊಗಳಿಕೆ, ಬಕೆಟ್ಟಿನ ಮೇಲೆ ಕೂತ ಅತ್ತೆ, ಸಂಬಳವಿಲ್ಲದೆಯೂ ಎರಡು ದಿನ ಏಣಿ ಹತ್ತಿದ ಹುಡುಗರು. ಸಾಹುಕಾರರು ಅಲ್ಲಿದ್ದ ಕುರ್ಚಿಗೆ ಕುಸಿದರು.

ಆ ಕಡೆಯಿಂದ ಬಹಳ ಹೊತ್ತು ಬರೀ ಚಪ್ಪಲಿಯ ಸದ್ದು. ಕೊನೆಗೆ ಮೇಡಂ ಹೇಳಿದರು: "ಜನ ವಾಸ ಮಾಡೋದು ಕೆಳಗೆ. ಸದ್ಯಕ್ಕೆ ಅಲ್ಲಿ ಫೋನ್ ನಡೀತಿದೆ. ನಿಮ್ಮ ಮಾಲೀಕರು ಅಲ್ಲೇ ಇದ್ರೆ ಹೇಳಿ, ಹಣ ಕೊಡ್ತೀವಿ. ಒಟ್ಟಿಗೆ ಅಲ್ಲ, ಸ್ವಲ್ಪ ಸ್ವಲ್ಪ. ಮೊದಲು ಆ ಹುಡುಗರ ಸಂಬಳ. ಹುಳುಕು ಮುಚ್ಚಿಟ್ಟಿದ್ರೆ ನಾನು ಈ ಹೊತ್ತಿಗೆ ಬಸ್ಸಲ್ಲಿರ್ತಿದ್ದೆ." ಆಮೇಲೆ ದನಿ ತಗ್ಗಿಸಿ, "ನನ್ನ ಡಿಶ್ ಮಾತ್ರ ತೆಗೆಸಿಕೊಡಿ."

"ಯಾಕೆ ಮೇಡಂ ತೆಗೆಸ್ಬೇಕು ಅಂತಿದ್ದೀರಿ?" ಎಂದು ಅಕ್ಕನ ಬಾಯಿಯಿಂದ ತಾನಾಗೇ ಬಂತು. ಫೋನಿನ ಎರಡೂ ಕಡೆ ನಗು ಎದ್ದಿತು.

ಕೋಣೆಯಲ್ಲಿ ಕುಣಿದಾಟ ಇನ್ನೂ ಮುಗಿದಿರಲಿಲ್ಲ, ಅಕ್ಕನ ಮೇಜಿನ ಫೋನು ಮತ್ತೆ ಹೊಡೆದುಕೊಂಡಿತು.

"ನೋಡಮ್ಮ, ನಾನು ನಿಮ್ಮ ಫೋನಿನ ಗಿರಾಕಿ. ನನಗಿದು ಬೇಡ, ನಿಲ್ಲಿಸಿಬಿಡಿ." ಅತ್ತೆಯ ದನಿ. ಮನೆಯ ಕೆಳಗಿನ ಹಾಲ್‌ನಿಂದ, ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿ. "ನಿನ್ನೆಯಿಂದ ತಾರಸೀಲಿ ಸಿಗ್ತಾನೇ ಇಲ್ಲ. ಮನೆ ನಡುವೆ ಕೂತು ನಾನು ಏನಂತ ಮಾತಾಡ್ಲಿ?"

ಮೊಬೈಲ್ ಸೇವೆಯನ್ನು ಬಿಡುತ್ತೇನೆಂದ ಮೊಟ್ಟಮೊದಲ ಗಿರಾಕಿ. ಅಕ್ಕ ಹೆಡ್‌ಫೋನ್ ಸರಿಮಾಡಿಕೊಂಡಳು.

"ಬಿಡ್ಬೇಡಿ ಅತ್ತೆ. ನೀವು ಸಂಜೆ ಹಾಲ್‌ನಲ್ಲೇ ಕೂತು ಚಿಕ್ಕತ್ತೆ ಹತ್ರ ಮಾತಾಡಿ. ನಾನು ಬಟ್ಟೆ ತೆಗೆಯೋಕೆ ಮೇಲೆ ಹೋಗಿರ್ತೀನಿ. ಬೇಗ ಇಳಿಯಲ್ಲ. ಬೇಕಾದ್ದು ಬೈಕೊಳ್ಳಿ."

ಅತ್ತೆ ಫೋನ್ ಇಟ್ಟರು.

ಅಂದು ಸಂಜೆ ಅಕ್ಕ ಮಾತು ಕೊಟ್ಟ ಹಾಗೆ ತಾರಸಿಗೆ ಹೋಗಿ, ಬೇಕೆಂದೇ ನಿಧಾನವಾಗಿ ಒಂದೊಂದೇ ಬಟ್ಟೆ ಮಡಿಸಿದಳು. ಅವಳ ಕೈಯಲ್ಲಿದ್ದ ಕಂಪನಿಯ ಹೊಸ ಫೋನಿನಲ್ಲಿ ಸಿಗ್ನಲ್ಲಿನ ಒಂದು ಗೆರೆಯೂ ಇರಲಿಲ್ಲ. ಯಾರೂ ಅವಳನ್ನು ಕರೆಯುವಂತಿರಲಿಲ್ಲ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಉಸ್ಸೆಂಬ ಸದ್ದು, ಆಮೇಲೆ ಅತ್ತೆ.

"ಚಿಕ್ಕತ್ತೆ ಸಿಗ್ಲಿಲ್ವಾ?"

"ಸಿಕ್ಕಳು. ಬೈಯೋಕೆ ಏನೂ ಹೊಳೀಲಿಲ್ಲ." ಅತ್ತೆ ಬಕೆಟ್ ಬೋರಲು ಹಾಕಿ ಕೂತರು. ಮಂಡಿ ನೀವಿಕೊಂಡರು.

ಅಕ್ಕ ಬಟ್ಟೆ ಬಿಟ್ಟು ಅವರ ಎದುರು ನೆಲದ ಮೇಲೆಯೇ ಕೂತಳು. "ಮಂಡಿ ಯಾವ ಕಡೆ ನೋಯತ್ತೆ ಅತ್ತೆ? ಒಳಗಾ, ಹೊರಗಾ? ಮೊದಲಿಂದ ಹೇಳಿ."

ಅತ್ತೆ ಮೊದಲಿನಿಂದ ಶುರುಮಾಡಿದರು. ಮಂಡಿಯಿಂದ ತವರಿನ ಬಾವಿಗೆ, ಬಾವಿಯಿಂದ ಸತ್ತುಹೋದ ಅಣ್ಣನಿಗೆ ಹೋದರು. ನಡುವೆ ಒಮ್ಮೆ ಅನುಮಾನದಿಂದ ನಿಲ್ಲಿಸಿ, ಸೊಸೆಯನ್ನು ಕಣ್ಣರಳಿಸಿ ನೋಡಿದರು.

"ಕೇಳಿಸ್ತಿದೆಯೇನೇ?"

"ಗಂಟೆ ಹೊಡೆದ ಹಾಗೆ ಅತ್ತೆ. ಮುಂದೆ ಹೇಳಿ."